ಮುಂದಿನ ಸಾಲಿನ ಹೆಂಗಸರು

ಬಾಸ್ಟನ್ನಿನ ಬ್ಲೂ ಲೈನ್ ರೈಲು ಬಂದರಿನ ನೀರಿನಡಿಯ ಸುರಂಗ ದಾಟಿ, ವಿಮಾನ ನಿಲ್ದಾಣದ ಮಗ್ಗುಲಿಂದ ಹಾದು, ವಂಡರ್‌ಲ್ಯಾಂಡ್ ಎಂಬ ಸ್ಟೇಷನ್ನಿಗೆ ಬಂದು ಮುಗಿಯುತ್ತದೆ. 1906ರಲ್ಲಿ ಇಲ್ಲಿ ಆ ಹೆಸರಿನ ಮನರಂಜನಾ ಪಾರ್ಕು ತೆರೆದು ಐದೇ ವರ್ಷದಲ್ಲಿ ಮುಚ್ಚಿತು. ಆಮೇಲೆ ಬಂದ ನಾಯಿ ಓಟದ ಪಂದ್ಯಗಳೂ 2010ಕ್ಕೆ ನಿಂತುಹೋದವು. ಹೆಸರು ಮಾತ್ರ ಉಳಿದಿದೆ. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ರಿವೀರ್ ಬೀಚ್, 1896ರಲ್ಲಿ ತೆರೆದ, ಅಮೆರಿಕದ ಮೊಟ್ಟಮೊದಲ ಸಾರ್ವಜನಿಕ ಕಡಲತೀರ. ಮೇ ತಿಂಗಳ ಶನಿವಾರ ಸಂಜೆ ರೈಲಿನಿಂದ ಇಳಿದವರಲ್ಲಿ ಹೆಚ್ಚಿನವರು ಆ ಕಡೆಗೇ ಹೋದರು. ನಾನೂ ಅಕ್ಕನ ಮಗಳೂ ಪಶ್ಚಿಮಕ್ಕೆ, ಊರೊಳಕ್ಕೆ ನಡೆದೆವು.

ರಿವೀರ್ ದುಡಿಯುವ ಜನರ ಊರು. ಒಂದಕ್ಕೊಂದು ಒತ್ತಿಕೊಂಡ ಮರದ ಮನೆಗಳು, ಒಂದೇ ಬೀದಿಯಲ್ಲಿ ಇಟಾಲಿಯನ್ ಬೇಕರಿ, ಕೊಲಂಬಿಯಾದವರ ಹೋಟೆಲು, ಅರಬ್ಬಿ ಅಕ್ಷರದ ಬೋರ್ಡಿನ ದಿನಸಿ ಅಂಗಡಿ. ಅಂಥ ಬೀದಿಗಳನ್ನು ದಾಟಿ ಹೋದರೆ ಪಾರ್ಕ್ ಅವೆನ್ಯೂದಲ್ಲಿ ಹ್ಯಾರಿ ಡೆಲ್ಲಾ ರುಸೋ ಸ್ಟೇಡಿಯಂ. ಸ್ಟೇಡಿಯಂ ಎಂದೊಡನೆ ಕಂಠೀರವವನ್ನೋ ಚಿನ್ನಸ್ವಾಮಿಯನ್ನೋ ಮನಸ್ಸಿಗೆ ತಂದುಕೊಳ್ಳಬಾರದು. ಇದು ಊರಿನ ಹೈಸ್ಕೂಲು ಹುಡುಗರು ಆಡುವ ಮೈದಾನ. ಕೃತಕ ಹುಲ್ಲು, ತಗಡಿನ ಮೆಟ್ಟಿಲುಗಳು, ನಾಲ್ಕು ಮೂಲೆಯಲ್ಲಿ ದೀಪದ ಕಂಬ. ಹೈಸ್ಕೂಲು ಹುಡುಗರದು ಶರತ್ಕಾಲದ ಆಟ. ವಸಂತ ಬಂದರೆ ಇದೇ ಮೈದಾನ ಬಾಸ್ಟನ್ ರೆನೆಗೇಡ್ಸ್ ತಂಡದ ತವರು. ಹೆಂಗಸರೇ ಆಡುವ ಅಮೆರಿಕನ್ ಫುಟ್‌ಬಾಲ್ ತಂಡ. ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡು, ಬಾಯಿಗೆ ಹಲ್ಲಿನ ಕವಚ. ಗಂಡಸರು ಆಡುವ ಆಟಕ್ಕೆ ಏನೇನು ಬೇಕೋ ಅಷ್ಟೂ ಇಲ್ಲಿಗೂ ಬೇಕು. ಹೊಡೆತ ಕಡಿಮೆ ಮಾಡಿದ ಆಟ ಇದಲ್ಲ.

ಗೇಟಿನಲ್ಲಿ ಮಡಚುವ ಮೇಜು ಹಾಕಿಕೊಂಡು ಟಿಕೆಟ್ ಕೊಡುವವರು, ಪಕ್ಕದಲ್ಲಿ ಟೀ ಶರ್ಟು, ಟೋಪಿ ಮಾರುವವರು. ಸಂಬಳಕ್ಕೆ ನಿಂತ ಸಿಬ್ಬಂದಿಯ ಧಾಟಿ ಇಲ್ಲಿಲ್ಲ, ಮನೆಯ ಕೆಲಸಕ್ಕೆ ಕೈಹಚ್ಚಿದವರ ಧಾಟಿಯಿದೆ. ಈ ಆಟವನ್ನು ಅರ್ಥ ಮಾಡಿಕೊಳ್ಳಲು ಶುರು ಮಾಡಬೇಕಾದ್ದು ಈ ಮೇಜಿನಿಂದಲೇ. ಇಲ್ಲಿಂದ ಮುಕ್ಕಾಲು ಗಂಟೆಯ ಹಾದಿಯಲ್ಲಿ, ಫಾಕ್ಸ್‌ಬರೋದಲ್ಲಿ, ಅರವತ್ತು ಸಾವಿರಕ್ಕೂ ಹೆಚ್ಚು ಜನ ಕೂರುವ ಜಿಲೆಟ್ ಸ್ಟೇಡಿಯಂ ಇದೆ. ಅಲ್ಲಿ ಆಡುವ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್, ಗಂಡಸರ ಎನ್‌ಎಫ್‌ಎಲ್ ಲೀಗಿನ ಅಂತಿಮ ಪಂದ್ಯವಾದ ಸೂಪರ್‌ಬೌಲನ್ನು ಆರು ಸಲ ಗೆದ್ದ ತಂಡ. ಅಲ್ಲಿನ ಆಟಗಾರ ಕೋಟಿಗಟ್ಟಲೆ ಗಳಿಸುತ್ತಾನೆ. ಇಲ್ಲಿನ ಆಟಗಾರ್ತಿ ಆಡುವುದಕ್ಕೆ ತಾನೇ ದುಡ್ಡು ಕಟ್ಟುತ್ತಾಳೆ. ಒಂದು ಋತುವಿಗೆ ನೂರಾರು ಡಾಲರ್ ಶುಲ್ಕ, ಅದರ ಮೇಲೆ ಬೂಟು, ಪ್ಯಾಡು, ಪ್ರಯಾಣ. ಅಮೆರಿಕದ ಮಹಿಳಾ ಫುಟ್‌ಬಾಲಿನಲ್ಲಿ ಸಾಮಾನ್ಯವಾಗಿ ಇದೇ ಪದ್ಧತಿ. ಡಲ್ಲಾಸ್ ಡೈಮಂಡ್ಸ್ ತಂಡದಲ್ಲಿ ಆಡುತ್ತಿದ್ದ ಜೆನ್ ವೆಲ್ಟರ್ ಒಂದು ಇಡೀ ಋತುವಿಗೆ ಪಡೆದ ಚೆಕ್ಕು 12 ಡಾಲರಿನದು, ಪಂದ್ಯಕ್ಕೆ ಒಂದು ಡಾಲರಿನಂತೆ. ಆಕೆಯೇ 2015ರಲ್ಲಿ ಆರಿಝೋನಾ ಕಾರ್ಡಿನಲ್ಸ್ ತಂಡದ ತರಬೇತಿ ಶಿಬಿರಕ್ಕೆ ಹೋಗಿ, ಎನ್‌ಎಫ್‌ಎಲ್‌ನಲ್ಲಿ ಕೋಚ್ ಆದ ಮೊದಲ ಹೆಂಗಸೆನಿಸಿಕೊಂಡರು.

ಅಕ್ಕನ ಮಗಳಿಗೆ ಈ ಆಟದ ಹುಚ್ಚು ಕಾಲೇಜಿನಿಂದ. ಹಬ್ಬಕ್ಕೆ ನ್ಯೂ ಇಂಗ್ಲೆಂಡ್ ಕನ್ನಡ ಕೂಟಕ್ಕೆ ರೇಷ್ಮೆ ಲಂಗ ಉಟ್ಟು ಹೋಗುವ ಹುಡುಗಿಯೇ ಭಾನುವಾರ ಪೇಟ್ರಿಯಟ್ಸ್ ಅಂಗಿ ತೊಟ್ಟು ಟೀವಿ ಮುಂದೆ ಕೂರುತ್ತಾಳೆ. ಮೆಟ್ಟಿಲೇರಿ ಕೂತ ಮೇಲೆ ಅವಳು ಮೊದಲು ಹೇಳಿದ್ದು ಇದು: "ಚೆಂಡು ನೋಡ್ಬೇಡ ಚಿಕ್ಕಮ್ಮ. ಆ ಐದು ಜನರನ್ನ ನೋಡು."

ಆ ಐದು ಜನರ ವಿಷಯಕ್ಕೆ ಬರುವ ಮೊದಲು ಆಟದ ಸ್ವರೂಪ ಸ್ವಲ್ಪ ಹೇಳಬೇಕು. ನೂರು ಗಜದ ಮೈದಾನ, ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಅವಕಾಶ. ಆ ನಾಲ್ಕರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ಹೊಸದಾಗಿ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಗಜಗಜ ಗೆದ್ದು ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಗಡಿಗೆರೆಯ ಪಕ್ಕದಲ್ಲಿ ಕೇಸರಿ ಬಣ್ಣದ ಎರಡು ಕೋಲು, ನಡುವೆ ಹತ್ತು ಗಜದ ಸರಪಳಿ ಹಿಡಿದು ನಿಂತವರಿರುತ್ತಾರೆ. ಕ್ಯಾಮೆರಾ, ಕಂಪ್ಯೂಟರುಗಳ ಈ ಕಾಲದಲ್ಲೂ ಇಂಥ ಮೈದಾನಗಳಲ್ಲಿ ಅನುಮಾನ ಬಂದಾಗ ಆ ಸರಪಳಿಯನ್ನೇ ಮೈದಾನದೊಳಕ್ಕೆ ತಂದು ಎಳೆದು ಅಳೆಯುತ್ತಾರೆ. ಎರಡಂಗುಲ ಕಡಿಮೆಯಾದರೂ ಕಡಿಮೆಯೇ.

ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್, ಹಿಡಿದು ಓಡುವ ರಿಸೀವರ್ ಇವರ ಮೇಲೆಯೇ ಎಲ್ಲರ ಕಣ್ಣು. ಅವರ ಮುಂದೆ ಐದು ಜನ ಒಂದೇ ಸಾಲಿನಲ್ಲಿ ಬಗ್ಗಿ ನಿಂತಿರುತ್ತಾರೆ. ನಡುವೆ ಸೆಂಟರ್, ಅವಳ ಎಡಬಲಕ್ಕೆ ಇಬ್ಬರು ಗಾರ್ಡ್, ತುದಿಯಲ್ಲಿ ಇಬ್ಬರು ಟ್ಯಾಕಲ್. ಇವರ ಬೆನ್ನ ಮೇಲಿನ ಸಂಖ್ಯೆ 50ರಿಂದ 79ರ ಒಳಗೆ ಇರುತ್ತದೆ. ಆ ಸಂಖ್ಯೆಯವರು ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವಂತಿಲ್ಲ, ನಿಯಮವೇ ಹಾಗೆ. ಸೆಂಟರ್ ಮಾತ್ರ ಪ್ರತಿ ಸಲವೂ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾಳೆ. ಕೊಟ್ಟ ಮರುಕ್ಷಣವೇ ಎದುರಿನವಳು ಅವಳ ಎದೆಗೆ ಬಂದು ಅಪ್ಪಳಿಸುತ್ತಾಳೆ. ಉಳಿದ ನಾಲ್ವರು ಪಂದ್ಯವಿಡೀ ಚೆಂಡು ಮುಟ್ಟದೆಯೇ ಮನೆಗೆ ಹೋಗಬಹುದು. ಅವರ ಕೆಲಸ ತಡೆಯುವುದು. ಎದುರಿನ ಸಾಲನ್ನು ಮೂರು ಸೆಕೆಂಡು ತಡೆದರೆ ಕ್ವಾರ್ಟರ್‌ಬ್ಯಾಕ್‌ಗೆ ಎಸೆಯಲು ಸಮಯ ಸಿಗುತ್ತದೆ. ಎಡಕ್ಕೋ ಬಲಕ್ಕೋ ತಳ್ಳಿ ಒಂದು ಸಂದು ತೆರೆದರೆ ಓಡುವವಳಿಗೆ ದಾರಿ.

ನೋಡುತ್ತ ಹೋದ ಹಾಗೆ ಒಂದು ವಿಷಯ ಗಮನಕ್ಕೆ ಬಂತು. ಮೈಕಿನವನು ಓಡಿದವಳ ಹೆಸರು ಕೂಗುತ್ತಾನೆ, ಹಿಡಿದವಳ ಹೆಸರು ಕೂಗುತ್ತಾನೆ, ಕೆಡವಿದವಳದೂ ಕೂಗುತ್ತಾನೆ. ಈ ಐವರಲ್ಲಿ ಒಬ್ಬಳ ಸಂಖ್ಯೆ ಕೇಳಿಬರುವುದು ತಪ್ಪು ಕಂಡ ರೆಫರಿ ಎಸೆದ ಹಳದಿ ಬಟ್ಟೆ ನೆಲಕ್ಕೆ ಬಿದ್ದಾಗ. ಎದುರಾಳಿಯ ಅಂಗಿ ಹಿಡಿದೆಳೆದದ್ದಕ್ಕೆ ಹತ್ತು ಗಜ ದಂಡ, ಚೆಂಡು ಹೊರಡುವ ಮೊದಲೇ ಅಲುಗಿದ್ದಕ್ಕೆ ಐದು ಗಜ. ಚೆನ್ನಾಗಿ ಮಾಡಿದ ಕೆಲಸಕ್ಕೆ ಹೆಸರಿಲ್ಲ, ತಪ್ಪಿಗೆ ಮಾತ್ರ ಹೆಸರು. ಮನೆಯೊಳಗಿನ ಯಾವ ಯಾವ ದುಡಿಮೆಗೆ ಇದೇ ಲೆಕ್ಕ ಎಂದು ಓದುವ ಹೆಂಗಸರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹೋಲಿಕೆಗಿಂತ ಹೆಚ್ಚಾಗಿ ಅವರ ಮೈಕಟ್ಟು. ಆ ಸಾಲಿನಲ್ಲಿ ನೂರು ಕಿಲೋಗೆ ಹತ್ತಿರದವರಿದ್ದರು, ದಾಟಿದವರೂ ಇದ್ದಂತೆ ಕಂಡಿತು. ಅಗಲವಾದ ಬೆನ್ನು, ದಪ್ಪ ತೊಡೆ, ಗಟ್ಟಿ ಕತ್ತು. ಎಷ್ಟೋ ಆಟಗಳಲ್ಲಿ ಅಂಥ ಹುಡುಗಿಯನ್ನು ಮೊದಲ ದಿನವೇ ಬೆಂಚಿಗೆ ಕಳಿಸುತ್ತಾರೆ. ಇಲ್ಲಿ ಅವಳಿಲ್ಲದೆ ಆಟವೇ ಶುರುವಾಗುವುದಿಲ್ಲ. ನಮ್ಮ ಕಬಡ್ಡಿಯಲ್ಲೂ ಮೈಗೆ ಮೈ ತಾಗುವ ಹೋರಾಟವಿದೆ. ಕಾರ್ಕಳದ ಮಮತಾ ಪೂಜಾರಿ ದೇಶದ ತಂಡವನ್ನು ಮುನ್ನಡೆಸಿ 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಆದರೆ ಹಿರಿಯ ಮಹಿಳೆಯರ ಕಬಡ್ಡಿಗೆ 75 ಕಿಲೋ ಮೇಲ್ಮಿತಿ, ಅದರಾಚೆಯವರು ತೂಕ ಇಳಿಸಬೇಕು. ಅಮೆರಿಕನ್ ಫುಟ್‌ಬಾಲಿಗೆ ಆ ಮಿತಿ ಇಲ್ಲ. ಇಲ್ಲಿ ಸಣ್ಣವಳು ಓಡುತ್ತಾಳೆ, ಎತ್ತರದವಳು ಹಾರಿ ಹಿಡಿಯುತ್ತಾಳೆ, ದಪ್ಪಗಿರುವವಳು ದಾರಿ ಮಾಡುತ್ತಾಳೆ. ಕಡಿಮೆ ತಿನ್ನು, ಸಣ್ಣಗಾಗು, ಜಾಗ ಬಿಡು ಎಂದು ಬಾಲ್ಯದಿಂದ ಕೇಳಿಕೊಂಡು ಬಂದ ದೇಹಕ್ಕೆ ಜಾಗ ಹಿಡಿ, ಬಿಟ್ಟುಕೊಡಬೇಡ ಎಂದು ಕಲಿಸುವ ಮೈದಾನ ಇದು. ಈ ಹೆಂಗಸರು ಕೈಯಿಂದ ದುಡ್ಡು ಹಾಕಿ ಇಲ್ಲಿಗೆ ಬರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆಂದು ನನಗನ್ನಿಸುವುದಿಲ್ಲ.

ಮೆಟ್ಟಿಲಿನಿಂದ ಇಳಿದು ಬೇಲಿಯ ಹತ್ತಿರ ಹೋದೆವು. ಮೇಲಿಂದ ಕಾಣುವ ಆಟವೇ ಬೇರೆ, ಬೇಲಿಯ ಬಳಿ ಕೇಳಿಸುವ ಆಟವೇ ಬೇರೆ. ಪ್ಯಾಡಿಗೆ ಪ್ಯಾಡು ತಾಗಿದ ಸದ್ದು ಎದೆಗೆ ಬಡಿಯುತ್ತದೆ. ಅದರ ಹಿಂದೆಯೇ ಉಸಿರು ಹೊರಬಿದ್ದ ಸದ್ದು. ಒಬ್ಬಳು ಬಿದ್ದರೆ ಕೆಡವಿದವಳೇ ಎಷ್ಟೋ ಸಲ ಕೈಕೊಟ್ಟು ಎಬ್ಬಿಸುತ್ತಾಳೆ. ಹಿಂದೆ ಬೆಂಚಿನ ಮೇಲೆ ಪಾದಕ್ಕೆ ಟೇಪು ಸುತ್ತಿಸಿಕೊಳ್ಳುವವರು, ಮಂಡಿಗೆ ಐಸು ಕಟ್ಟಿಸಿಕೊಂಡು ಕುಳಿತವರು. ಹೆಗಲಿನ ಪ್ಯಾಡುಗಳನ್ನು ಹೆಚ್ಚಾಗಿ ಗಂಡಸರ ಅಳತೆಗೇ ಮಾಡಿರುವುದರಿಂದ ಎದೆಯ ಹತ್ತಿರ ಸರಿಯಾಗಿ ಕೂರುವುದಿಲ್ಲ. ಆಟ ನಿಂತಾಗಲೆಲ್ಲ ಒಬ್ಬರಲ್ಲ ಒಬ್ಬರು ಪಟ್ಟಿ ಸಡಿಲಿಸಿ ಮತ್ತೆ ಬಿಗಿದುಕೊಳ್ಳುತ್ತಿದ್ದರು. ಸಮುದ್ರ ಹತ್ತಿರವಿರುವುದರಿಂದ ಹೊತ್ತು ಇಳಿದಂತೆ ಗಾಳಿ ಕೊರೆಯತೊಡಗಿತು. ಜನ ಕಂಬಳಿ ಹೊದ್ದುಕೊಂಡರು, ಯಾರೂ ಎದ್ದು ಹೋಗಲಿಲ್ಲ.

ಈ ತಂಡದ ಹಿಂದಿನ ಕತೆ ಚಿಕ್ಕದಾಗಿ. ಬಾಸ್ಟನ್ನಿನಲ್ಲಿ ಮೊದಲು ಮಿಲಿಷಿಯಾ ಎಂಬ ತಂಡವಿತ್ತು. ಅದು 2014ರಲ್ಲಿ ರಾಷ್ಟ್ರೀಯ ಕಿರೀಟ ಗೆದ್ದಿತು, ಗೆದ್ದ ಬೆನ್ನಿಗೇ ಮುಚ್ಚಿತು. ಮಾರನೆಯ ವರ್ಷ ಅಲ್ಲಿದ್ದವರೇ ಹಲವರು ಸೇರಿ ರೆನೆಗೇಡ್ಸ್ ಕಟ್ಟಿದರು. ಆಡುವುದು ವಿಮೆನ್ಸ್ ಫುಟ್‌ಬಾಲ್ ಅಲಯನ್ಸ್ ಎಂಬ ಲೀಗಿನಲ್ಲಿ. 2009ರಲ್ಲಿ ಶುರುವಾದ ಈ ಲೀಗಿನ ತಂಡಗಳು ದೇಶದುದ್ದಕ್ಕೂ ಹರಡಿವೆ, ಆದರೆ ನಿತ್ಯದ ಪಂದ್ಯಗಳು ಬಹುಮಟ್ಟಿಗೆ ಆಯಾ ಸೀಮೆಯೊಳಗೇ ನಡೆಯುತ್ತವೆ, ಪ್ರಯಾಣದ ಖರ್ಚು ಅದಕ್ಕಿಂತ ದೂರ ಹೋಗಗೊಡುವುದಿಲ್ಲ. ಕೋವಿಡ್‌ನಿಂದ ಆಟವೇ ನಡೆಯದ 2020 ಬಿಟ್ಟರೆ, 2018ರಿಂದ 2022ರವರೆಗೆ ನಡೆದ ನಾಲ್ಕೂ ಋತುಗಳ ಕಿರೀಟ ರೆನೆಗೇಡ್ಸ್‌ನದೇ. ಮಿಲಿಷಿಯಾದ ಕಾಲದಿಂದಲೂ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ ಅಲಿಸನ್ ಕಾಹಿಲ್ ಹೆಸರು ಇಲ್ಲಿ ಎಲ್ಲರ ಬಾಯಲ್ಲಿದೆ. 2018ರ ಋತುವನ್ನು ಬೆನ್ನಟ್ಟಿ ವಿರಿಡಿಯಾನಾ ಲೀಬರ್‌ಮನ್ ತೆಗೆದ 'ಬಾರ್ನ್ ಟು ಪ್ಲೇ' ಎಂಬ ಸಾಕ್ಷ್ಯಚಿತ್ರ 2020ರಲ್ಲಿ ತೆರೆಕಂಡಿತು. 2021ರ ಅಂತಿಮ ಪಂದ್ಯ ಓಹಾಯೊದ ಕ್ಯಾಂಟನ್ನಿನಲ್ಲಿ, ಮಿನೆಸೋಟಾ ವಿಕ್ಸನ್ ವಿರುದ್ಧ. ಅದಕ್ಕೆ ಹೋಗಿಬರಲು ಪೇಟ್ರಿಯಟ್ಸ್ ಮಾಲೀಕರು ತಮ್ಮ ತಂಡದ ವಿಮಾನವನ್ನೇ ಕೊಟ್ಟರು. ಒಳ್ಳೆಯ ಕೆಲಸ. ನೆರೆಯ ಸಿರಿವಂತ ತಂಡ ವರ್ಷವರ್ಷವೂ ಮಾಡಬಹುದಾದ ಕೆಲಸವೂ ಹೌದು.

ಈ ಆಟ ಹೆಂಗಸರಿಗೆ ಮೊನ್ನೆ ಮೊನ್ನೆ ಬಂದದ್ದೆಂದು ತಿಳಿಯಬಾರದು. 1960ರ ದಶಕದ ಉತ್ತರಾರ್ಧದಲ್ಲಿ ಕ್ಲೀವ್‌ಲ್ಯಾಂಡಿನ ಸಿಡ್ ಫ್ರೀಡ್‌ಮನ್ ಎಂಬ ಮನರಂಜನಾ ಏಜೆಂಟು ಹೆಂಗಸರ ತಂಡಗಳನ್ನು ಕಟ್ಟಿದ. ಅವನ ತಲೆಯಲ್ಲಿದ್ದದ್ದು ಜನ ಬಂದು ನೋಡಿ ನಗುವ ತಮಾಷೆ. ತಂಡಕ್ಕೆ ಸೇರಿದವರು ಆಟವನ್ನು ನಿಜವಾಗಿ ಆಡಿಬಿಟ್ಟರು. ಅವರಲ್ಲಿ ಓಹಾಯೊದ ಟೊಲೀಡೊ ಟ್ರೂಪರ್ಸ್ ಹೆಸರಾದ ತಂಡ. 1971ರಲ್ಲಿ ಹುಟ್ಟಿ ದಶಕದ ಕೊನೆಯವರೆಗೆ ಆಡಿದ ಅವರು ಸೋತದ್ದು ಬೆರಳೆಣಿಕೆಯಷ್ಟು. ಅಲ್ಲಿನ ಓಟಗಾರ್ತಿ ಲಿಂಡಾ ಜೆಫರ್‌ಸನ್ ಐದು ಋತು ಒಂದರ ಹಿಂದೊಂದು ಸಾವಿರ ಗಜಕ್ಕೂ ಹೆಚ್ಚು ಓಡಿದರು. 1975ರಲ್ಲಿ, ಟೆನಿಸ್‌ನ ಬಿಲ್ಲೀ ಜೀನ್ ಕಿಂಗ್ ಶುರು ಮಾಡಿದ್ದ 'ವಿಮೆನ್‌ಸ್ಪೋರ್ಟ್ಸ್' ಪತ್ರಿಕೆ ಅವರನ್ನು ವರ್ಷದ ಕ್ರೀಡಾಪಟುವೆಂದು ಆರಿಸಿತು. 1974ರಲ್ಲಿ ನ್ಯಾಷನಲ್ ವಿಮೆನ್ಸ್ ಫುಟ್‌ಬಾಲ್ ಲೀಗ್ ಎಂದು ಏಳು ತಂಡಗಳು ಒಂದುಗೂಡಿದಾಗ ಪಂದ್ಯಕ್ಕೆ 25 ಡಾಲರ್ ಕೊಡುವ ಮಾತಿತ್ತು. ಐವತ್ತು ವರ್ಷದ ಹಿಂದಿನ ಆ ಮಾತಿನ ಪಕ್ಕದಲ್ಲಿ ಇಂದಿನ ಶುಲ್ಕವನ್ನಿಟ್ಟು ನೋಡಿದರೆ ಸಂಕಟವಾಗುತ್ತದೆ.

ಫ್ರೀಡ್‌ಮನ್‌ನ ತಮಾಷೆ ಅಲ್ಲಿಗೇ ಮುಗಿಯಲಿಲ್ಲ. 2004ರಲ್ಲಿ ಸೂಪರ್‌ಬೌಲ್ ವಿರಾಮದ ಹೊತ್ತಿಗೆ ಒಳ ಉಡುಪಿನಲ್ಲಿ ಹೆಂಗಸರನ್ನು ಆಡಿಸುವ ಕಾರ್ಯಕ್ರಮವೊಂದನ್ನು ದುಡ್ಡು ಪಡೆದು ತೋರಿಸಿದರು. ಅದೇ ಬೆಳೆದು 2009ರಲ್ಲಿ ಲೀಗ್ ಆಯಿತು, ಅಲಯನ್ಸ್ ಶುರುವಾದ ಅದೇ ವರ್ಷ. ಆ ಲೀಗ್ ಟೀವಿಗೆ ಬಂತು. ಮೈತುಂಬ ಪ್ಯಾಡು ತೊಟ್ಟು, ನೂರು ಗಜದ ಮೈದಾನದಲ್ಲಿ, ಪೂರ್ತಿ ನಿಯಮಗಳೊಂದಿಗೆ ಆಡುವವರು ಹೈಸ್ಕೂಲು ಮೈದಾನ ಬಾಡಿಗೆಗೆ ಹುಡುಕಿಕೊಂಡು ಅಲೆದರು. ಅಲ್ಲಿ ಆಡಿದ ಹುಡುಗಿಯರನ್ನು ನಾನು ದೂರುವುದಿಲ್ಲ. ಅವರಲ್ಲಿ ಅನೇಕರು ನಿಜವಾದ ಆಟಗಾರ್ತಿಯರು, ಇದ್ದ ಬಾಗಿಲಿನಿಂದ ಒಳಗೆ ಬಂದರು. ಆ ಒಂದೇ ಬಾಗಿಲನ್ನು ತೆರೆದಿಟ್ಟವರನ್ನು ದೂರುತ್ತೇನೆ.

ಅರ್ಧ ಆಟದ ವಿರಾಮದಲ್ಲಿ ಮೈದಾನಕ್ಕೆ ಮಕ್ಕಳು ಇಳಿದರು. ಸೊಂಟಕ್ಕೆ ಬಣ್ಣದ ಪಟ್ಟಿ ಕಟ್ಟಿಕೊಂಡು, ಎದುರಾಳಿಯನ್ನು ಕೆಡವುವ ಬದಲು ಆ ಪಟ್ಟಿ ಕಿತ್ತುಕೊಳ್ಳುವ ಆಟ, ಫ್ಲ್ಯಾಗ್ ಫುಟ್‌ಬಾಲ್. ಮ್ಯಾಸಚೂಸೆಟ್ಸ್‌ನ ಹೈಸ್ಕೂಲುಗಳಲ್ಲಿ ಹುಡುಗಿಯರಿಗಾಗಿ ಇದು ಈಚೆಗೆ ಹಬ್ಬುತ್ತಿದೆ. ಇದಕ್ಕೂ ನಮ್ಮ ನೆಲಕ್ಕೂ ಒಂದು ನಂಟಿದೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸಭೆ ಸೇರಿ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ಟನ್ನು ಸೇರಿಸಿದಾಗ ನಮ್ಮಲ್ಲಿ ಅದು ದೊಡ್ಡ ಸುದ್ದಿಯಾಯಿತು. ಅದೇ ನಿರ್ಧಾರದಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಕೂಡ ಒಲಿಂಪಿಕ್ಸ್ ಸೇರಿತು, ಗಂಡಸರಿಗೂ ಹೆಂಗಸರಿಗೂ.

"ಇನ್ನು ನಾಲ್ಕೈದು ವರ್ಷದಲ್ಲಿ ಇವರದೇ ಕಾಲ ಬಿಡು" ಎಂದೆ, ಮಕ್ಕಳನ್ನು ನೋಡುತ್ತ.

"ಯಾರದು ಚಿಕ್ಕಮ್ಮ? ಓಡೋರದು. ಲೈನಲ್ಲಿ ನಿಲ್ಲೋರದಲ್ಲ."

ಅವಳ ಮಾತು ಸರಿ. ಒಲಿಂಪಿಕ್ ಫ್ಲ್ಯಾಗ್ ಫುಟ್‌ಬಾಲಿನಲ್ಲಿ ತಂಡಕ್ಕೆ ಐದೇ ಜನ. ಕೆಡವುವಂತಿಲ್ಲ, ಮೈಯೊಡ್ಡಿ ತಡೆಯುವಂತಿಲ್ಲ. ತಡೆಯೇ ಇಲ್ಲದ ಆಟದಲ್ಲಿ ತಡೆಯುವವಳಿಗೇನು ಕೆಲಸ? ವೇಗ, ಚುರುಕು, ಹಗುರ ಮೈ, ಇಷ್ಟಿದ್ದವರಿಗೆ ಪದಕದವರೆಗೆ ದಾರಿ ತೆರೆಯಿತು. ಶಾಲೆಗಳು, ಪ್ರಾಯೋಜಕರು, ಎನ್‌ಎಫ್‌ಎಲ್ ಎಲ್ಲರೂ ದುಡ್ಡು ಸುರಿಯುವುದು ಈ ಆಟಕ್ಕೆ. ಅದರಿಂದ ಸಾವಿರಾರು ಹುಡುಗಿಯರು ಮೈದಾನಕ್ಕೆ ಬರುತ್ತಾರೆ, ಅದು ನನಗೂ ಸಂತೋಷವೇ. ಆದರೆ ತರಗತಿಯ ಅತಿ ದಪ್ಪ ಹುಡುಗಿ ಮತ್ತೆ ಬೆಂಚಿನ ಮೇಲೆ. ಅವಳ ಜಾಗ ಉಳಿದಿರುವುದು ರಿವೀರ್‌ನಂಥ ಮೈದಾನಗಳಲ್ಲಿ.

ದ್ವಿತೀಯಾರ್ಧದಲ್ಲಿ ಒಬ್ಬಳು ಬಿದ್ದವಳು ಏಳಲಿಲ್ಲ. ಎರಡೂ ತಂಡದವರು ಇದ್ದಲ್ಲೇ ಒಂದು ಮಂಡಿಯೂರಿ ಕೂತರು, ವೈದ್ಯಕೀಯ ನೆರವಿನವರು ಓಡಿದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಇಬ್ಬರ ಹೆಗಲ ಮೇಲೆ ಕೈಹಾಕಿ ಹೊರನಡೆದಳು. ಹೆಲ್ಮೆಟ್ಟನ್ನು ಅವಳ ಕೈಯಿಂದ ತೆಗೆದುಕೊಂಡು ಇಟ್ಟುಕೊಂಡರು. ಅಂದರೆ ಇವತ್ತಿಗೆ ಅವಳ ಆಟ ಮುಗಿಯಿತು. ಹೆಲ್ಮೆಟ್ ಕೈಯಲ್ಲಿದ್ದರೆ ಹಾಕಿಕೊಂಡು ಮತ್ತೆ ಓಡಿ ಬಂದುಬಿಡುತ್ತಾರೆಂಬ ಭಯಕ್ಕೆ ಹೀಗೆ ಮಾಡುತ್ತಾರಂತೆ.

ಈ ಭಾಗವನ್ನು ಬರೆಯದೆ ಬಿಟ್ಟರೆ ನನ್ನ ಮೆಚ್ಚುಗೆಗೆ ಅರ್ಥವಿಲ್ಲ. ತಲೆಗೆ ಮತ್ತೆ ಮತ್ತೆ ಬೀಳುವ ಹೊಡೆತದಿಂದ ವರ್ಷಗಳು ಕಳೆದ ಮೇಲೆ ಮೆದುಳು ಸವೆಯುವ ಸಿಟಿಇ ಎಂಬ ಕಾಯಿಲೆಯ ಬಗ್ಗೆ ಜಗತ್ತಿನಲ್ಲೇ ಹೆಚ್ಚಿನ ಸಂಶೋಧನೆ ನಡೆಯುತ್ತಿರುವುದು ಇಲ್ಲೇ ಪಕ್ಕದಲ್ಲಿ, ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಪರೀಕ್ಷಿಸಿದ 376 ಮಾಜಿ ಎನ್‌ಎಫ್‌ಎಲ್ ಆಟಗಾರರ ಮೆದುಳುಗಳಲ್ಲಿ 345ರಲ್ಲಿ ಆ ಕಾಯಿಲೆ ಕಂಡಿತೆಂದು 2023ರಲ್ಲಿ ಪ್ರಕಟಿಸಿದರು. ಲಕ್ಷಣ ಕಂಡವರ ಮನೆಯವರೇ ಹೆಚ್ಚಾಗಿ ಮೆದುಳು ದಾನ ಕೊಡುವುದರಿಂದ ಎಲ್ಲ ಆಟಗಾರರಿಗೂ ಆ ಪ್ರಮಾಣ ಅನ್ವಯಿಸದು. ಆದರೂ ಆ ಸಂಖ್ಯೆ ನಿದ್ದೆಗೆಡಿಸುವಂಥದ್ದು. ಅದೇ 2023ರಲ್ಲಿ ಆಸ್ಟ್ರೇಲಿಯಾದ ಹೆದರ್ ಆ್ಯಂಡರ್‌ಸನ್ ಎಂಬ ಆಸ್ಟ್ರೇಲಿಯನ್ ಫುಟ್‌ಬಾಲ್ ಆಟಗಾರ್ತಿಯಲ್ಲಿ, ಸಾವಿನ ನಂತರ, ಈ ಕಾಯಿಲೆ ಪತ್ತೆಯಾಯಿತು. ವೃತ್ತಿಪರ ಕ್ರೀಡೆಯ ಹೆಂಗಸೊಬ್ಬರಲ್ಲಿ ಅದು ಮೊದಲನೆಯದು. ಸಾಲಿನಲ್ಲಿ ನಿಲ್ಲುವ ಆಟಗಾರ್ತಿಗೆ ಹೊಡೆತ ಒಂದೊಂದೂ ಸಣ್ಣದಿರಬಹುದು, ಆದರೆ ಪ್ರತಿ ಆಟದಲ್ಲೂ ಬೀಳುತ್ತದೆ. ದುಡ್ಡಿರುವ ಲೀಗಿನಲ್ಲಿ ಆಟಗಾರನ ಹಿಂದೆ ನರರೋಗ ತಜ್ಞರು, ವಿಮೆ, ಪಿಂಚಣಿ ಇರುತ್ತವೆ. ಇಲ್ಲಿ ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋಗಬೇಕು. ಲೀಗಿನ ತಂಡಗಳಲ್ಲಿ ಶಿಕ್ಷಕಿಯರು, ನರ್ಸುಗಳು, ಪೊಲೀಸಿನವರು ಇದ್ದಾರೆ. ಇವರಿಗೆ ಸಿಗಬೇಕಾದ ಮೊದಲ ನೆರವು ವಿಮಾನವಲ್ಲ, ಒಳ್ಳೆಯ ಹೆಲ್ಮೆಟ್, ಮೈಗೆ ಹೊಂದುವ ಪ್ಯಾಡು, ಪ್ರತಿ ಅಭ್ಯಾಸಕ್ಕೂ ಒಬ್ಬ ತರಬೇತಾದ ವೈದ್ಯಕೀಯ ಸಹಾಯಕಿ.

ಕೊನೆಯ ಕಾಲುಭಾಗದಲ್ಲಿ ಚೆಂಡು ತವರಿನವರ ಕೈಯಲ್ಲಿತ್ತು. ಮೂರು ಅವಕಾಶ ಮುಗಿದು ಒಂದೇ ಗಜ ಬಾಕಿ. ಎಲ್ಲರಿಗೂ ಗೊತ್ತಿತ್ತು, ಎಸೆಯುವುದಿಲ್ಲ, ನೇರ ನುಗ್ಗುತ್ತಾರೆ. ಎದುರಾಳಿಗಳು ನಡುವಿಗೆ ಬಂದು ಗುಂಪುಗಟ್ಟಿದರು. ಐವರೂ ಬೆರಳು ನೆಲಕ್ಕೂರಿ ಬಗ್ಗಿದರು. ಚೆಂಡು ಹಿಂದಕ್ಕೆ ಹೋಯಿತು. ಅಕ್ಕನ ಮಗಳು ಹೇಳಿದ ಹಾಗೆ ನಾನು ಚೆಂಡು ನೋಡಲಿಲ್ಲ, ಎಡಗಡೆಯ ಗಾರ್ಡನ್ನು ನೋಡುತ್ತಿದ್ದೆ. ಅವಳು ಎದುರಿನವಳ ಕಂಕುಳ ಕೆಳಗೆ ಹೆಗಲು ಕೊಟ್ಟು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಕಾಲು ಆಡಿಸುತ್ತ, ಅವಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ತಳ್ಳಿಕೊಂಡು ಹೋದಳು. ಅವಳು ಬಿಟ್ಟ ಜಾಗದಲ್ಲಿ ಓಡುವವಳು ನುಗ್ಗಿ ಬಿದ್ದಳು. ಸರಪಳಿ ತಂದು ಅಳೆಯುವ ಅಗತ್ಯವೂ ಬೀಳಲಿಲ್ಲ. ಮೈಕಿನಲ್ಲಿ ಓಡಿದವಳ ಹೆಸರು ಕೇಳಿತು. ಓಡಿದವಳು ಎದ್ದು ಮೊದಲು ಮಾಡಿದ್ದು ಆ ಗಾರ್ಡಿನ ಹೆಲ್ಮೆಟ್ಟಿಗೆ ಎರಡೂ ಕೈಯಿಂದ ಬಡಿದದ್ದು.

ಪಂದ್ಯ ಮುಗಿದ ಮೇಲೆ ಗೇಟು ತೆರೆದು ಜನರನ್ನು ಮೈದಾನದೊಳಕ್ಕೆ ಬಿಟ್ಟರು. ಆಟಗಾರ್ತಿಯರ ತಾಯಂದಿರು, ಗಂಡಂದಿರು, ಹೆಂಡತಿಯರು, ಮಕ್ಕಳು ಎಲ್ಲ ಬೆರೆತರು. ಫ್ಲ್ಯಾಗ್ ಆಡಿದ ಮಕ್ಕಳು ಕ್ವಾರ್ಟರ್‌ಬ್ಯಾಕ್ ಸುತ್ತ ನೆರೆದರು. ಅಕ್ಕನ ಮಗಳು ಅವರನ್ನು ದಾಟಿ ನೇರ ಎಡಗಡೆಯ ಗಾರ್ಡಿನ ಬಳಿ ಹೋಗಿ, ಆ ಒಂದು ಗಜದ ಆಟದಲ್ಲಿ ಕಾಲನ್ನು ಹೇಗಿಟ್ಟಿರಿ ಎಂದು ಕೇಳಿದಳು. ಆಕೆ ಹೆಲ್ಮೆಟ್ ನೆಲಕ್ಕಿಟ್ಟು, ಮತ್ತೆ ಬಗ್ಗಿ ನಿಂತು, ತೋರಿಸತೊಡಗಿದರು.